ಗಾಲಿ ಗಾಯ, ಗುಟ್ಟು ಮತ್ತು ಅಪ್ಪ
ಹೊಸದಾಗಿ ಕಾರು ಓಡಿಸ್ತಿರೋ ಗೆಳೆಯರೇ, ಇದು ನಿಮಗೆ.

ಹಂಪಿಯಿಂದ ಬರ್ತಾ ಹೊಸಪೇಟೆಯ ತಿರುವಿನಲ್ಲಿ ಅಪ್ಪನ ಕಾರಿನ ಅಲಾಯ್ ವೀಲ್ ಫುಟ್‌ಪಾತ್ ಕಲ್ಲಿಗೆ ಗುದ್ದಿ ಉಜ್ಜಿತು. ಹೇಳಲಿಲ್ಲ. ಮೂರು ದಿನ ಬಿಟ್ಟು ಗುಟ್ಟಾಗಿ ಪೇಂಟಿಂಗ್ ಅಂಗಡಿಗೆ ಒಯ್ದೆ. "ಅಣ್ಣಾ, ಗೊತ್ತಾಗಬಾರದು ನೋಡ್ರಿ."

ಅಣ್ಣ ಟೈರ್ ಬಿಚ್ಚಿ ಎಮರಿ ಪೇಪರ್ ಹಿಡಿದರು: 240, ಆಮೇಲೆ 400, 600. ಪುಟ್ಟಿ, ಪ್ರೈಮರ್. ಬಣ್ಣ ಮಾತ್ರ ಅವಸರದಲ್ಲಿ ಹೊಡೀಲಿಲ್ಲ. ಬಿಸಿಲು, ಬ್ರೇಕ್ ಪುಡಿ, ಸಂಡೂರಿನ ಕೆಂಪು ಧೂಳು ತಿಂದ ಹಳೇ ಸಿಲ್ವರ್ ಪಕ್ಕ ಹೊಸದು ತೇಪೆಯಂಗೆ ಕಾಣುತ್ತೆ. ತಗಡಿನ ತುಂಡಿಗೆ ಹೊಡೆದು ಬಿಸಿಲಲ್ಲಿ ಹೋಲಿಸಿದರು. ಆಮೇಲೆ ವೀಲಿನ ಇಡೀ ಮುಖಕ್ಕೆ ಬಣ್ಣ, ಮೇಲೆ ಕ್ಲಿಯರ್ ಕೋಟ್. ಗಾಯ ಮಾಯ!

ಟೈರ್ ಕೂರಿಸಿ ಗಾಳಿ ತುಂಬಿದಾಗ ಪಕ್ಕದಲ್ಲಿ ಸಣ್ಣ ಉಬ್ಬು.

"ಒಳಗಿನ ದಾರ ಹರಿದೈತಿ. ಇದಕ್ಕೆ ಬಣ್ಣ ನಡೆಯಂಗಿಲ್ಲ, ಟೈರೇ ಬದಲಿಸ್ಬೇಕು."

ಅದೇ ಟೈರ್ ಮೇಲೆ ಅಪ್ಪ ಮೂರು ದಿನ ಸಂಡೂರಿಗೆ ಹೋಗಿ ಬಂದಿದ್ದರು.

ರಾತ್ರಿ ಎಲ್ಲ ಹೇಳಿದೆ. ಅಪ್ಪ ವೀಲ್ ನೋಡಲೇ ಇಲ್ಲ. "ಮೊದ್ಲೇ ಹೇಳಬಾರದೇನೋ?" ಅಂದರು, ಅಷ್ಟೇ.

ಕಲ್ಲಿಗೆ ತಾಗಿದರೆ ಮೊದಲು ಟೈರ್ ನೋಡಿ. ಆಮೇಲೆ ಮನೇಲಿ ಹೇಳಿ. ಬಣ್ಣ ಕೊನೆಗೆ.