ಪಾಲಿನ ಲೆಕ್ಕ

‘ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಎಷ್ಟು ಸಲ ಕೊಟ್ಟಿದ್ದೇನೋ! ಆದರೆ ಈ ಅಪ್ಪ, ದೊಡ್ಡಪ್ಪ ಇಬ್ಬರೂ ಒಂದೇ ಮನೆಯಲ್ಲಿ ಕೂಡಿದರೆ ಏನಾಗುತ್ತದೆಂದು ನನಗೆ ಕಲಿಸಿದ್ದು ನನ್ನ ತಮ್ಮನ ಆರ್ಕೆಸ್ಟ್ರಾ.

ತೊಂಬತ್ತರ ದಶಕದ ಮಾತು. ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಹುಡುಗರು ಸೇರುತ್ತಿದ್ದರು. ತಮ್ಮನದು ಕೀಬೋರ್ಡು, ಒಬ್ಬನದು ಗಿಟಾರು, ಒಬ್ಬನದು ತಬಲಾ, ಮತ್ತೊಬ್ಬ ಹಾಡುವವ. ‘ಅಕ್ಕಾ, ನೀ ಟೀಚರು, ಲೆಕ್ಕ ನೀನೇ ಬರಿ’ ಎಂದು ನೋಟ್‌ಬುಕ್ಕು ನನ್ನ ಕೈಗಿತ್ತರು. ದುಡ್ಡನ್ನು ಐದು ಪಾಲು ಮಾಡುವುದು: ತಲೆಗೊಂದು, ಸಾಲ ಮಾಡಿ ತಂದ ಕೀಬೋರ್ಡಿಗೊಂದು. ಮೊದಲ ವರ್ಷ ಬಸ್ಸಿನ ಚಾರ್ಜು, ಮಿರ್ಚಿ-ಮಂಡಕ್ಕಿ ಕಳೆದರೆ ಉಳಿಯುತ್ತಿದ್ದುದು ಚಿಲ್ಲರೆ. ಆಗ ಜಗಳವೇ ಇರಲಿಲ್ಲ ನೋಡಿ!

ಆಮೇಲೆ ಹೆಸರು ಬಂತು. ಗಣಪತಿ ಹಬ್ಬವೆಂದರೆ ಇವತ್ತು ಲಿಂಗಸುಗೂರು, ನಾಳೆ ಮಸ್ಕಿ. ಭತ್ತದ ಸುಗ್ಗಿ ಮುಗಿದ ಮೇಲೆ ಮದುವೆಗಳ ಸಾಲು. ಕರಪತ್ರದಲ್ಲಿ ಹಾಡುವವನ ಫೋಟೋ ದೊಡ್ಡದಾಯಿತು. ಕೀಬೋರ್ಡಿನ ಸಾಲ ತೀರಿದರೂ ಐದನೆಯ ಪಾಲು ತಮ್ಮನ ಕಿಸೆಗೇ ಹೋಗುತ್ತಿತ್ತು. ನಾನು ಸುಮ್ಮನಿದ್ದೆ. ತಮ್ಮನಲ್ಲವೇ!

ತಬಲಾ ಹುಡುಗ ಸ್ವಂತ ದಾಟಿ ಕಟ್ಟುತ್ತಿದ್ದ. ‘ಜನಕ್ಕೆ ಸಿನಿಮಾ ಹಾಡು ಬೇಕು’ ಎಂದು ಉಳಿದವರು ಅದನ್ನು ಮೂಲೆಗೆ ತಳ್ಳುತ್ತಿದ್ದರು. ಒಮ್ಮೆ ಮನಸ್ಸಿಲ್ಲದೆ ನುಡಿಸಿದರು. ಜನ ಮತ್ತೆ ಮತ್ತೆ ಕೇಳಿದರು. ಕ್ಯಾಸೆಟ್ಟು ಮಾಡೋಣವೆಂಬ ಮಾತು ಎದ್ದಿತು. ಮುಂಗಡದ ದುಡ್ಡು ಬಂದಾಗ ನಾನು ಎಂದಿನಂತೆ ಪಾಲು ಹಾಕಿದೆ. ಅವನು ನೋಟ್‌ಬುಕ್ಕು ನೋಡಿ ಕೇಳಿದ:

‘ಯಕ್ಕಾ, ಪಾಲೇನೋ ಹಾಕೀರಿ. ಆ ದಾಟಿ ನಂದು ಅಂತ ಎಲ್ಲಿ ಬರದೀರಿ?’

ನನ್ನ ಲೆಕ್ಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ‘ಎಲ್ಲಾರೂ ಕೂಡಿ ಬಾರಿಸಿದ್ದಲ್ಲೇನಪ್ಪಾ?’ ಎಂದೆ. ಅವನು ಮಾತಾಡಲಿಲ್ಲ. ಅದೇ ವಾರ ಲಿಂಗಸುಗೂರಿನಿಂದ ಬರುವಾಗ ಮಸ್ಕಿಯಲ್ಲಿ ಟೆಂಪೋ ನಿಲ್ಲಿಸಿ, ತಬಲಾ ಇಳಿಸಿಕೊಂಡು ಹೋದವನು ಮತ್ತೆ ನಮ್ಮ ಪಡಸಾಲೆಗೆ ಬರಲಿಲ್ಲ. ಕ್ಯಾಸೆಟ್ಟೂ ಬರಲಿಲ್ಲ.

ಈಚೆಗೆ ಮಗ ‘ಬೀಟಲ್ಸ್’ ತಂಡದ ಮೇಲೆ 2021ರಲ್ಲಿ ಬಂದ ಸಾಕ್ಷ್ಯಚಿತ್ರ ತೋರಿಸಿದ. 1969ರ ಜನವರಿಯಲ್ಲಿ ಆ ನಾಲ್ವರು ಹಾಡು ಕಟ್ಟುತ್ತ ಕೂತ ದೃಶ್ಯಗಳು. ಲೋಕವೆಲ್ಲ ಕುಣಿಯುತ್ತಿದ್ದುದು ಅವರ ಹಾಡಿಗೆ. ಆದರೂ ಜಾರ್ಜ್ ಹ್ಯಾರಿಸನ್ ನಡುವೆಯೇ ಎದ್ದು ಹೋಗುತ್ತಾನೆ, ಕೆಲವು ದಿನ ಬಿಟ್ಟು ಮರಳುತ್ತಾನೆ. ನನಗೆ ಕಂಡದ್ದು ಲಂಡನ್ನಲ್ಲ, ಮಸ್ಕಿಯ ರಸ್ತೆ.

ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರ ಹಾಡುಗಳೇ ಹೆಚ್ಚು. ಜಾರ್ಜನಿಗೆ ಸಾಮಾನ್ಯವಾಗಿ ಒಂದು ಆಲ್ಬಮ್ಮಿಗೆ ಒಂದೆರಡು. ಹಾಡು ಬರೆದವರಿಗೆ ರಾಯಲ್ಟಿ ಬೇರೆಯೇ ಬರುವುದರಿಂದ ಯಾರ ಹಾಡು ಸೇರಬೇಕೆಂಬುದು ಕಲೆಯ ಪ್ರಶ್ನೆಯೂ ಹೌದು, ಕಾಸಿನ ಪ್ರಶ್ನೆಯೂ ಹೌದು. ವ್ಯವಹಾರ ನೋಡುತ್ತಿದ್ದ ಬ್ರಯಾನ್ ಎಪ್‌ಸ್ಟೀನ್ 1967ರಲ್ಲಿ ತೀರಿಕೊಂಡ ಮೇಲೆ ಹೊಸ ಮೇನೇಜರ್ ಯಾರೆಂಬುದಕ್ಕೆ ಮೂವರು ಒಂದು ಕಡೆ, ಪಾಲ್ ಇನ್ನೊಂದು ಕಡೆ. 1970ರ ಕೊನೆಯಲ್ಲಿ ಪಾಲ್ ಕೋರ್ಟಿಗೆ ಹೋದ. ಅದೇ ವರ್ಷ ಜಾರ್ಜ್ ಹೊರತಂದ ಸ್ವಂತ ಆಲ್ಬಮ್ಮಿನಲ್ಲಿ ಮೂರು ಪ್ಲೇಟುಗಳು! ಅಷ್ಟು ಹಾಡುಗಳನ್ನು ಹೊಟ್ಟೆಯೊಳಗಿಟ್ಟುಕೊಂಡು ಕೂತಿದ್ದನಲ್ಲ ಪಾಪ.

ದುಡ್ಡಿಗಾಗಿ ಒಡೆದರು ಎಂದು ಜನ ಸುಲಭವಾಗಿ ಅನ್ನುತ್ತಾರೆ. ದುಡ್ಡು ನೆಪ ಅನ್ನಲಾರೆ. ಐದನೆಯ ಪಾಲು ನೆಪವಾಗಿರಲಿಲ್ಲ. ಆದರೆ ಅವನು ಕೇಳಿದ್ದು ರೂಪಾಯಿಯನ್ನಲ್ಲ.

ತಮ್ಮನೂ ಅವನೂ ಮದುವೆಗಳಲ್ಲಿ ಎದುರಾದರೆ ಈಗಲೂ ನಮಸ್ಕಾರವಷ್ಟೇ, ಮಾತಿಲ್ಲ. ಮೊನ್ನೆ ಟ್ರಂಕಿನಲ್ಲಿ ಆ ನೋಟ್‌ಬುಕ್ಕು ಸಿಕ್ಕಿತು. ಕೊನೆಯ ಪುಟದಲ್ಲಿ ಒಂದು ಗೆರೆ ಎಳೆದು, ಹೊಸ ಕಾಲಮ್ಮು ಮಾಡಿ, ದಾಟಿಯ ಎದುರು ಅವನ ಹೆಸರು ಬರೆದೆ. ಮೂವತ್ತು ವರ್ಷ ತಡವಾಯಿತು. ಮಸ್ಕಿಗೆ ಬಸ್ಸುಗಳೇನೋ ಬೇಕಾದಷ್ಟಿವೆ. ಪುಸ್ತಕ ಹಿಡಿದುಕೊಂಡು ಹತ್ತಬೇಕಾದವಳು ನಾನೇ.