ಹುಣಿಸೆ ಬೀಜದ ಲೆಕ್ಕ

ನಮ್ಮ ಕಡೆ ನಡುವಯಸ್ಸಿನ ಮನುಷ್ಯನೊಬ್ಬ ಬೀದಿಯಲ್ಲಿ ಓಡುವುದನ್ನು ಕಂಡರೆ ಜನರಿಗೆ ಹೊಳೆಯುವುದು ಎರಡೇ ಕಾರಣಗಳು. ಮುಂದೆ ಬಸ್ಸು ಹೊರಟಿರಬೇಕು, ಇಲ್ಲವೆ ಹಿಂದೆ ನಾಯಿ ಬರುತ್ತಿರಬೇಕು. ಬಸ್ಸೂ ಇಲ್ಲದೆ ನಾಯಿಯೂ ಇಲ್ಲದೆ ಓಡುವವನನ್ನು ಯಾವ ಗುಂಪಿಗೆ ಸೇರಿಸಬೇಕೆಂದು ತಿಳಿಯದೆ ಅವರು ಕ್ಷಣಕಾಲ ನಿಂತು ನೋಡುತ್ತಾರೆ. ನಾನು ಓಡಲು ತೊಡಗಿದ ಮೊದಲ ವಾರ ನಮ್ಮ ಬೀದಿಯ ಹಾಲಿನವನು ಸೈಕಲ್ಲಿನಿಂದ ಇಳಿದು, "ಏನು ಸ್ವಾಮಿ, ಮನೆಯಲ್ಲಿ ಎಲ್ಲರೂ ಆರೋಗ್ಯವೇ?" ಎಂದು ಗಾಬರಿಯಿಂದ ಕೇಳಿದ್ದ. ಆರೋಗ್ಯಕ್ಕಾಗಿಯೇ ಓಡುತ್ತಿದ್ದೇನೆಂದು ಹೇಳಿದರೂ ಅವನ ಮುಖದ ಸಂದೇಹ ಹೋಗಲಿಲ್ಲ.

ನಾನು ಹವ್ಯಾಸಿ ಓಟಗಾರ. ಹೊಟ್ಟೆಪಾಡಿಗೆ ಮೈಸೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಹವ್ಯಾಸಿ ಎಂಬ ಮಾತಿನಲ್ಲಿ ಸಂಕೋಚಪಡುವಂಥದೇನೂ ಇಲ್ಲ. 1896ರಲ್ಲಿ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ಸ್ ಮೊದಲ ಬಾರಿಗೆ ನಡೆದಾಗ ಮ್ಯಾರಥಾನ್ ಓಟವನ್ನು ಗೆದ್ದವನು ಸ್ಪಿರಿಡಾನ್ ಲೂಯಿಸ್ ಎಂಬ ನೀರು ಹೊರುವ ಕಸುಬಿನ ಗ್ರೀಕ್ ತರುಣ. ಅಂದಿನ ಓಟದ ದೂರ ಸುಮಾರು 40 ಕಿಲೋಮೀಟರ್. ಇಂದು ನಾವು ಹೇಳುವ 42 ಕಿಲೋಮೀಟರ್ 195 ಮೀಟರುಗಳ ಅಳತೆ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಬಂದದ್ದು. ಗೆದ್ದ ಬಳಿಕ ಲೂಯಿಸ್ ತನ್ನ ಹಳ್ಳಿಗೆ ಹಿಂದಿರುಗಿದನು. ನನ್ನ ಮತ್ತು ಅವನ ನಡುವೆ ಹೋಲಿಕೆ ಇರುವುದು ಇದೊಂದರಲ್ಲಿ ಮಾತ್ರ: ಓಟ ಮುಗಿದ ಮೇಲೆ ಇಬ್ಬರಿಗೂ ಮನೆಯ ಕೆಲಸ ಕಾದಿರುತ್ತದೆ.

ನನ್ನನ್ನು ಓಟಕ್ಕೆ ಹಚ್ಚಿದ್ದು ಭಯ. ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಒಂದು ಸಣ್ಣ ಗಾಯ ಮಾಯದೆ, ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. 2016ರಲ್ಲಿ ನನ್ನ ರಕ್ತವನ್ನು ಪರೀಕ್ಷಿಸಿದ ವೈದ್ಯರು, "ನೀವು ಹೊಸ್ತಿಲ ಮೇಲಿದ್ದೀರಿ, ಒಳಗೆ ಹೋಗುವುದೂ ಹೊರಗೆ ಬರುವುದೂ ನಿಮ್ಮ ಕಾಲಿಗೆ ಬಿಟ್ಟದ್ದು" ಎಂದರು. ಆಗ ನನಗೆ ಮೂವತ್ತೆಂಟು ವರ್ಷ. ದುಡಿಯುವ ಸ್ನಾಯುವು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ಅಪ್ಪಣೆಗೆ ಹೆಚ್ಚು ಕಾಯದೆ ತಾನೇ ಹೀರಿಕೊಳ್ಳಬಲ್ಲದೆಂದು ಅವರು ವಿವರಿಸಿದರು. ಅಷ್ಟು ಸಾಕಾಯಿತು. ಮರುದಿನ ಬೆಳಗಿನ ಐದೂವರೆಗೆ ಹಳೆಯ ಕ್ಯಾನ್‌ವಾಸ್ ಷೂಗಳನ್ನು ತೊಟ್ಟು ಕುಕ್ಕರಹಳ್ಳಿ ಕೆರೆಗೆ ಹೋದೆ.

ಕುಕ್ಕರಹಳ್ಳಿ ಕೆರೆಯನ್ನು ನೀವು ನೋಡಿರದಿದ್ದರೆ ಒಮ್ಮೆ ನೋಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಹೊಲಗದ್ದೆಗಳಿಗೆ ನೀರುಣಿಸಲು ಕಟ್ಟಿಸಿದ ಕೆರೆ ಅದು. ಈಗ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಮಗ್ಗುಲಲ್ಲಿ, ನಗರದ ನಡುವೆ ಮಲಗಿದೆ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಏರಿ ಇದೇ. ಚಳಿಗಾಲದ ಬೆಳಗಿನಲ್ಲಿ ನೀರಿನ ಮೇಲೆ ಮಂಜು ಹಾಸಿರುತ್ತದೆ. ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ಒದ್ದೆ ಬಟ್ಟೆ ಒಣಹಾಕಿದಂತೆ ಕುಳಿತಿರುತ್ತವೆ. ಪೂರ್ವದಿಕ್ಕು ಕೆಂಪೇರಿದಂತೆ ಅವುಗಳಲ್ಲೊಂದು ರೆಕ್ಕೆ ಬಿಚ್ಚಿ, ನೀರಿಗೆ ತಾಗುವಷ್ಟು ಕೆಳಗೆ, ಒಂದು ತುಸುವೂ ಅವಸರವಿಲ್ಲದೆ ಸಾಗುತ್ತದೆ. ಏದುಸಿರು ಬಿಡುತ್ತ ಏರಿಯ ಮೇಲೆ ಓಡುವವನಿಗೆ ಆ ನೋಟ ಸಮಾಧಾನವನ್ನೂ ಕೊಡುತ್ತದೆ, ತುಸು ಹೊಟ್ಟೆಕಿಚ್ಚನ್ನೂ ಕೊಡುತ್ತದೆ.

ಮೊದಲ ದಿನ ಇನ್ನೂರು ಹೆಜ್ಜೆ ಓಡುವಷ್ಟರಲ್ಲಿ ಎದೆ ಬಿರಿಯುವಂತಾಯಿತು. ನಡೆದೆ, ಮತ್ತೆ ಓಡಿದೆ. ಆ ಏರಿಯ ಮೇಲೆ ದಿನವೂ ಓಡುತ್ತಿದ್ದ ನಿವೃತ್ತ ವ್ಯಾಯಾಮ ಶಿಕ್ಷಕರೊಬ್ಬರು ನನ್ನ ಪಕ್ಕಕ್ಕೆ ಬಂದು, "ಪಕ್ಕದವನೊಡನೆ ಮಾತಾಡುತ್ತ ಓಡಲಾಗದಿದ್ದರೆ ನೀವು ಅತಿವೇಗದಲ್ಲಿದ್ದೀರಿ ಎಂದು ತಿಳಿಯಿರಿ" ಎಂದರು. ಇಂದಿಗೂ ಅದಕ್ಕಿಂತ ಉತ್ತಮವಾದ ಪಾಠವನ್ನು ನಾನು ಕೇಳಿಲ್ಲ. ನಿಧಾನವಾಗಿ, ಬಹುಕಾಲ ಓಡಿದರೆ ಹೃದಯವು ಒಂದೊಂದು ಬಡಿತದಲ್ಲಿಯೂ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ. ಆದ್ದರಿಂದ ವಿಶ್ರಾಂತಿಯಲ್ಲಿರುವಾಗ ಅದು ಕಡಿಮೆ ಸಲ ಬಡಿದರೂ ಸಾಕು. ಒಂದು ವರ್ಷದಲ್ಲಿ ನನ್ನ ನಾಡಿಯ ಬಡಿತ ನಿಮಿಷಕ್ಕೆ 78ರಿಂದ 62ಕ್ಕೆ ಇಳಿಯಿತು. ಆದರೆ ಇಲ್ಲಿ ಒಂದು ಮೋಸವಿದೆ. ಉಸಿರು ಮತ್ತು ಹೃದಯಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೂ ಸ್ನಾಯುಗಳನ್ನು ಮೂಳೆಗೆ ಬಿಗಿದಿರುವ ಕಂಡರಗಳಿಗೂ ತಿಂಗಳುಗಳೇ ಬೇಕು. ಉಸಿರು 'ಇನ್ನಷ್ಟು ಓಡು' ಎನ್ನುವಾಗ ಮೊಣಕಾಲು ಒಪ್ಪಿರುವುದಿಲ್ಲ. ಹೊಸಬರು ನೋವು ಮಾಡಿಕೊಳ್ಳುವುದು ಬಹುಮಟ್ಟಿಗೆ ಈ ಅಂತರದಲ್ಲಿಯೇ.

ಕಾಲಿನ ಲೆಕ್ಕಕ್ಕಿಂತ ಕಠಿಣವಾದದ್ದು ಗಡಿಯಾರದ ಲೆಕ್ಕ. ನನ್ನ ಮಡದಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ಹೊತ್ತು ಮನೆಯೆಂದರೆ ನೀರು ಹಿಡಿಯುವುದು, ಒಲೆ ಹಚ್ಚುವುದು, ಅಮ್ಮನಿಗೆ ಬಿಸಿನೀರು, ಮಗಳಿಗೆ ಜಡೆ, ಮೂರು ಡಬ್ಬಿಗಳ ಬುತ್ತಿ. ಗಂಡಸೊಬ್ಬನು ಆ ಹೊತ್ತಿನಲ್ಲಿ ಒಂದು ಗಂಟೆ ಕೆರೆಯ ಏರಿಯ ಮೇಲಿದ್ದರೆ ಆ ಗಂಟೆ ಆಕಾಶದಿಂದ ಇಳಿದುಬಂದದ್ದಲ್ಲ. ಮನೆಯ ಇನ್ನೊಬ್ಬರು ಕೊಟ್ಟದ್ದು. ಈ ಮಾತನ್ನು ನಾವು ಮೊದಲ ವಾರದಲ್ಲಿಯೇ ಆಡಿಕೊಂಡೆವು. ಬೆಳಗಿನ ಆ ಗಂಟೆಗೆ ಬದಲಾಗಿ ರಾತ್ರಿಯ ಅಡುಗೆಯೂ ಪಾತ್ರೆಯೂ ನನ್ನ ಪಾಲಿಗೆ ಬಂದವು. ನನ್ನ ಮುದ್ದೆ ಗಂಟಾಗುವುದು ನಿಲ್ಲಲು ನನ್ನ ಓಟ ಹತ್ತು ಕಿಲೋಮೀಟರ್ ಮುಟ್ಟಲು ಬೇಕಾದಷ್ಟೇ ತಿಂಗಳುಗಳು ಹಿಡಿದವು.

ಚಳಿಗಾಲ ಬಂತೆಂದರೆ ನಮ್ಮ ಸುತ್ತಿನ ಊರುಗಳಲ್ಲಿ ಭಾನುವಾರದ ಓಟಗಳು ಶುರುವಾಗುತ್ತವೆ. ಎದೆಯ ಮೇಲೆ ಪಿನ್ನು ಚುಚ್ಚಿದ ಸಂಖ್ಯೆ. ಅದರ ಬೆನ್ನಿಗೆ ಕಾಲವನ್ನು ದಾಖಲಿಸುವ ಪುಟ್ಟ ಚಿಪ್ಪು. ಓಟದ ಕೊನೆಯಲ್ಲಿ ಉಪ್ಪಿಟ್ಟು, ಬಾಳೆಹಣ್ಣು. ನನ್ನ ಮೊದಲ ಹತ್ತು ಕಿಲೋಮೀಟರ್ ಓಟದಲ್ಲಿ ಪಕ್ಕದಲ್ಲಿ ನಿಂತಿದ್ದ ಹಳ್ಳಿಯ ಹುಡುಗನೊಬ್ಬ ಬರಿಗಾಲಿನಲ್ಲಿದ್ದ. ಸೀಟಿ ಊದಿದ ಮೇಲೆ ನನಗೆ ಅವನ ಹಿಮ್ಮಡಿ ಕಂಡದ್ದು ಎರಡು ನಿಮಿಷ ಮಾತ್ರ. ನಾನು 64 ನಿಮಿಷಗಳಲ್ಲಿ ಮುಗಿಸಿ ಬರುವಾಗ ಅವನು ಬಹುಮಾನವಾಗಿ ಪಡೆದ ಸ್ಟೀಲ್ ಕೊಡಪಾನವನ್ನು ಪಕ್ಕದಲ್ಲಿಟ್ಟುಕೊಂಡು ಎರಡನೆಯ ತಟ್ಟೆ ಉಪ್ಪಿಟ್ಟು ತಿನ್ನುತ್ತಿದ್ದ. ಬರಿಗಾಲೆಂದರೆ ಹಗುರವಾಗಿ ಎಣಿಸಬಾರದು. ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಓಡಿ ಒಲಿಂಪಿಕ್ ಮ್ಯಾರಥಾನ್ ಗೆದ್ದನು. ನಮ್ಮವರೇ ಆದ ಶಿವನಾಥ ಸಿಂಗರಿಗೂ ಬರಿಗಾಲಿನ ಓಟವೇ ರೂಢಿ. ಸೈನಿಕರಾಗಿದ್ದ ಅವರು 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹನ್ನೊಂದನೆಯವರಾಗಿ ಬಂದರು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಓಡಿದರು. ಆ ಭಾರತೀಯ ದಾಖಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಲುಗಲಿಲ್ಲ. ಕಿಲೋಮೀಟರಿಗೆ ಮೂರು ನಿಮಿಷ ಎಂಟು ಸೆಕೆಂಡು! ಆ ವೇಗದಲ್ಲಿ ನಾನು ನಮ್ಮ ಮನೆಯಿಂದ ದಿನಸಿ ಅಂಗಡಿಯವರೆಗೂ ಓಡಲಾರೆ.

2019ರ ಮಳೆಗಾಲದಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಸೊಂಟದ ಬಳಿ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಅವಳ ಕೂಗಳತೆಯಲ್ಲಿ ಸದಾ ಒಬ್ಬರು ಇರಲೇಬೇಕಾಯಿತು. ನಾವು ಜೋಡಿಸಿಕೊಂಡಿದ್ದ ಗಂಟೆಗಳೆಲ್ಲ ಚೆಲ್ಲಾಪಿಲ್ಲಿಯಾದವು. ಕೆರೆಯ ದಾರಿ ನಿಂತುಹೋಯಿತು. ಎರಡು ತಿಂಗಳ ಬಳಿಕ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆ ಮತ್ತೆ ಹೊಸ್ತಿಲಿಗೆ ಬಂದಿತ್ತು. ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಆದರೆ ಅಮ್ಮನ ಕಣ್ಣಿಗೆ ಬೀಳದ ಚೀಟಿ ನಮ್ಮ ಮನೆಯಲ್ಲಿ ಯಾವುದೂ ಇಲ್ಲ. ತಂದೆಯವರ ಗಾಯಕ್ಕೆ ಪಟ್ಟಿ ಕಟ್ಟಿದ ಕೈ ಅವಳದು.

"ಕೂಗಿದರೆ ಕೇಳುವಷ್ಟು ದೂರ ಇದ್ದರೆ ಸಾಕಲ್ಲವೇನಪ್ಪಾ? ಈ ಬೀದಿ ಎಲ್ಲಿಗೆ ಹೋಯಿತು?" ಎಂದಳು.

ನಮ್ಮ ಬೀದಿಯ ತುದಿಯಲ್ಲಿ ಒಂದು ಅರಳಿಕಟ್ಟೆ. ಆಗ ಆರನೆಯ ತರಗತಿಯಲ್ಲಿದ್ದ ಮಗಳು ತನ್ನ ಸೈಕಲ್ಲಿನ ಚಕ್ರಕ್ಕೆ ಕೆಂಪು ರಿಬ್ಬನ್ ಕಟ್ಟಿ, ಗಾಲಿ ಒಂದು ಸುತ್ತು ಉರುಳಿದರೆ ಸುಮಾರು ಎರಡು ಮೀಟರ್ ಎಂದು ಅಳೆದು, ಮನೆಯ ಬಾಗಿಲಿನಿಂದ ಕಟ್ಟೆಗೆ ನೂರು ಸುತ್ತು ಎಂದು ಎಣಿಸಿದಳು. ಹೋಗಿಬರಲು 400 ಮೀಟರ್. ಇಪ್ಪತ್ತೈದು ಬಾರಿಗೆ ಹತ್ತು ಕಿಲೋಮೀಟರ್. ಇಪ್ಪತ್ತೈದು ಬಾರಿ ಒಂದೇ ಬೀದಿಯಲ್ಲಿ ಓಡುವವನು ಎಣಿಕೆ ತಪ್ಪುವುದು ಖಂಡಿತ. ಅದಕ್ಕೆ ಅಮ್ಮನೇ ಉಪಾಯ ಹೂಡಿದಳು. ಜಗಲಿಯ ಮೇಲೆ ಎತ್ತರದ ಕುರ್ಚಿ ಹಾಕಿಸಿ, ಮಡಿಲಲ್ಲಿ ಎರಡು ಬಟ್ಟಲು ಇಟ್ಟುಕೊಂಡಳು. ಒಂದರಲ್ಲಿ ಇಪ್ಪತ್ತೈದು ಹುಣಿಸೆ ಬೀಜ. ನಾನು ಬಾಗಿಲು ಮುಟ್ಟಿ ತಿರುಗಿದಾಗಲೆಲ್ಲ ಒಂದು ಬೀಜ ಆ ಬಟ್ಟಲಿನಿಂದ ಈ ಬಟ್ಟಲಿಗೆ. ಚೌಕಾಬಾರದಲ್ಲಿ ಪಳಗಿದ ಕೈ, ಲೆಕ್ಕದಲ್ಲಿ ದಾಕ್ಷಿಣ್ಯವೆಂಬುದಿಲ್ಲ. ಒಂದು ದಿನ ದಣಿದು, "ಮುಗಿಯಿತಲ್ಲವೇನಮ್ಮಾ?" ಎಂದರೆ, ಬಟ್ಟಲನ್ನು ಅಲುಗಿಸಿ ಸದ್ದು ಕೇಳಿಸಿದಳು. ಒಂದೇ ಬೀಜದ ಸದ್ದು. ಓಡಿದೆ.

ಈ ನಡುವೆ ಅವಳದೂ ಒಂದು ಅಭ್ಯಾಸ ನಡೆದಿತ್ತು. ವ್ಯಾಯಾಮ ಚಿಕಿತ್ಸೆಯ ತರುಣಿ ಬಂದು, ಮೊದಲ ವಾರ ಊರೆಗಾಲಿನ ಆಸರೆಯಲ್ಲಿ ಹತ್ತು ಹೆಜ್ಜೆ, ಮುಂದಿನ ವಾರ ಹದಿನೈದು, ನಡುವೆ ವಿಶ್ರಾಂತಿ ಎಂದು ಬರೆದುಕೊಟ್ಟಿದ್ದಳು. ಕೆರೆಯ ಏರಿಯ ಮೇಲೆ ವ್ಯಾಯಾಮ ಶಿಕ್ಷಕರು ನನಗೆ ಹೇಳಿದ್ದೂ ಬೇರೆಯಲ್ಲ. ಸಂಜೆ ನಾನು ಕಚೇರಿಯಿಂದ ಬಂದರೆ ಅವಳು ವರದಿ ಒಪ್ಪಿಸುವಳು: "ನಿನ್ನದು ಕಟ್ಟೆಗೆ ಇಪ್ಪತ್ತೈದು. ನನ್ನದು ದೇವರ ಮನೆಗೆ ನಾಲ್ಕು." ಆ ನಾಲ್ಕರ ಬೆಲೆ ನನ್ನ ಇಪ್ಪತ್ತೈದಕ್ಕಿಂತ ಹೆಚ್ಚೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಡಿಸೆಂಬರಿನ ಹೊತ್ತಿಗೆ ಅವಳು ಕೋಲೂರಿಕೊಂಡು ಬಾಗಿಲವರೆಗೆ ತಾನೇ ಬಂದಳು.

ಮರುವರ್ಷ ಸಾಂಕ್ರಾಮಿಕ ರೋಗದ ದಿನಗಳು. ಕೆಲವು ವಾರ ಬೀದಿಯೂ ಮುಚ್ಚಿತು. ಅದನ್ನು ಎಲ್ಲರೂ ಬಲ್ಲರು. ಬೀದಿ ತೆರೆದ ಮೇಲೆ, ಒಂದು ಸಂಜೆ ನಾನು ಓಟ ಮುಗಿಸಿ ಬೆವರೊರಸಿಕೊಳ್ಳುತ್ತಿದ್ದಾಗ, ಮಡದಿ ಚೂಡಿದಾರದ ದುಪ್ಪಟ್ಟವನ್ನು ಸೊಂಟಕ್ಕೆ ಬಿಗಿದು ಜಗಲಿಗೆ ಬಂದಳು. "ಅತ್ತೆ, ನನಗೂ ಐದು ಬೀಜ ಇಡಿ" ಎಂದಳು.

ಜಗಲಿಯ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಎದುರುಮನೆಯ ಕಿಟಕಿ ತೆರೆದಿತ್ತು. ಸೊಸೆ ಬೀದಿಯಲ್ಲಿ ಓಡುವುದೆಂದರೆ ಅಮ್ಮನ ಎಪ್ಪತ್ತು ವರ್ಷಗಳ ಬದುಕಿನಲ್ಲಿ ಕಂಡು ಕೇಳದ ಸಂಗತಿ. ಅವಳು ಸೊಸೆಯ ಮುಖವನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಆಮೇಲೆ ಬಟ್ಟಲಿಗೆ ಐದು ಬೀಜಗಳನ್ನು ಎಣಿಸಿ ಹಾಕಿ, "ಕಟ್ಟೆ ಮುಟ್ಟಿಯೇ ತಿರುಗಬೇಕು, ಅರ್ಧದಲ್ಲಿ ತಿರುಗಿದರೆ ಲೆಕ್ಕಕ್ಕಿಲ್ಲ" ಎಂದಳು.

ಬೀದಿಯ ಕಿಟಕಿಗಳು ನಮ್ಮ ದೇಶದಲ್ಲಿ ಮಾತ್ರ ಇರುವುದಲ್ಲ. 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿ ಸಂಖ್ಯೆ ಧರಿಸಿ ಓಡುತ್ತಿದ್ದಾಗ, ಹೆಣ್ಣು ಓಡುತ್ತಿರುವಳೆಂದು ಸಿಟ್ಟಿಗೆದ್ದ ಓಟದ ಅಧಿಕಾರಿಯೊಬ್ಬನು ಹಿಂದಿನಿಂದ ಬಂದು ಆ ಸಂಖ್ಯೆಯನ್ನು ಕಿತ್ತುಕೊಳ್ಳಲು ಹೋದನು. ಆಕೆ ಓಟವನ್ನು ಪೂರೈಸಿದಳು. ಅಷ್ಟು ದೂರದ ಓಟ ಹೆಣ್ಣಿನ ದೇಹಕ್ಕೆ ಆಗದೆಂದು ಆಗ ಅನೇಕರು ನಂಬಿದ್ದರು. ಬಾಸ್ಟನ್ನಿನಲ್ಲಿ ಮಹಿಳೆಯರಿಗೆ ವಿಧಿವತ್ತಾಗಿ ಅವಕಾಶ ದೊರೆತದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಮೊದಲು ನಡೆದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಹೊಲದಲ್ಲಿ ದಿನವಿಡೀ ನಾಟಿ ಮಾಡುವ, ಎರಡು ಕೊಡ ಹೊತ್ತು ಮೈಲಿ ನಡೆಯುವ ನಮ್ಮ ಹೆಂಗಸರನ್ನು ಆ ಪಂಡಿತರು ಒಮ್ಮೆ ನೋಡಬೇಕಾಗಿತ್ತು.

2023ರ ಜನವರಿಯಲ್ಲಿ ನಡೆದ ಓಟವೊಂದರಲ್ಲಿ ಮಡದಿ ಐದು ಕಿಲೋಮೀಟರಿಗೆ ಹೆಸರು ಕೊಟ್ಟಳು. ಅಂದು ನಾನು ಓಡಲಿಲ್ಲ; ಅಮ್ಮನೊಡನೆ ಗೆರೆಯ ಬಳಿ ಕುಳಿತೆ. ಅಮ್ಮ ಬಟ್ಟಲನ್ನು ತಂದಿರಲಿಲ್ಲ, ಆದರೆ ಬೆರಳುಗಳು ಮಡಿಲಲ್ಲಿ ಏನನ್ನೋ ಎಣಿಸುತ್ತಲೇ ಇದ್ದವು. ಮಡದಿ 37 ನಿಮಿಷಗಳಲ್ಲಿ ಬಂದಳು. ಬಹುಮಾನವೇನೂ ಇಲ್ಲ. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. ನೀರು ಕುಡಿದು, ಉಸಿರು ತಹಬಂದಿಗೆ ಬಂದ ಮೇಲೆ, ಹೇಗಿತ್ತೆಂದು ಕೇಳಿದೆ.

"ಮೂವತ್ತೇಳು ನಿಮಿಷ ಯಾರೂ ನನ್ನನ್ನು ಕರೆಯಲಿಲ್ಲ ನೋಡಿ" ಎಂದಳು.

ಆ ಮಾತಿಗೆ ನಾನು ಏನೂ ಹೇಳಲಿಲ್ಲ. ಅಮ್ಮ ಮಾತ್ರ ತಲೆಯಾಡಿಸಿದಳು, ಬಹಳ ಹಿಂದಿನದೇನನ್ನೋ ಕೇಳಿಸಿಕೊಂಡವಳ ಹಾಗೆ.

ಈಗ ನಮ್ಮ ಅಡುಗೆಮನೆಯ ಪಂಚಾಂಗದ ಹಾಳೆಯಲ್ಲಿ ಮಗಳು ಎರಡು ಬಣ್ಣದ ಗುರುತು ಹಾಕುತ್ತಾಳೆ. ಸೋಮ, ಬುಧ, ಶುಕ್ರ ಬೆಳಗಿನ ಗಂಟೆ ನನ್ನದು. ಮಂಗಳ, ಗುರು, ಶನಿ ಅವಳ ತಾಯಿಯದು. ಭಾನುವಾರಕ್ಕೆ ಚೀಟಿ ಎತ್ತುತ್ತೇವೆ. ಗೆದ್ದವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲು ಹೊರಡುತ್ತಾರೆ; ಸೋತವರು ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಾರೆ. ಕಳೆದ ಮೂರು ಭಾನುವಾರಗಳಿಂದ ಚೀಟಿ ಮಡದಿಯ ಹೆಸರಿಗೇ ಬರುತ್ತಿದೆ. ಚೀಟಿ ಮಡಿಸುವ ಕೆಲಸ ಅಮ್ಮನದಾದ್ದರಿಂದ ನಾನು ಹೆಚ್ಚು ವಿಚಾರಿಸಲು ಹೋಗಿಲ್ಲ.