ಅವ್ವನಿಗೆ ಹೇಳದ ಮಾತು

ಕ್ಯಾಮೆರಾ ಮುಂದೆ ಕೂತ ಮೊದಲ ದಿನ ಹವಾಲ್ದಾರ್ ಕಾಕಾ ನಮಗೆ ವರದಿ ಒಪ್ಪಿಸಿದರು. ನಂಬರು, ರ್‍ಯಾಂಕು, ಹೆಸರು. ಮದ್ರಾಸ್ ರೆಜಿಮೆಂಟಿಗೆ ಸೇರಿದ್ದು, ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ತರಬೇತಿ ಪಡೆದದ್ದು, ಆಮೇಲೆ ಪೋಸ್ಟಿಂಗ್ ಆದ ಊರುಗಳು ಒಂದರ ಹಿಂದೊಂದು. ಬೆನ್ನು ಸೆಟೆದಿತ್ತು, ಎರಡೂ ಕೈ ಮೊಣಕಾಲ ಮೇಲಿದ್ದವು. ಇಸ್ತ್ರಿ ಮಾಡಿದ ಕೋಟಿನ ಮೇಲೆ ಪದಕಗಳು. "ಯುದ್ಧದಾಗ ಏನಾತ್ರಿ ಕಾಕಾ?" ಎಂದು ನಿರ್ದೇಶಕ ಕೇಳಿದರೆ, "ಡ್ಯೂಟಿ ಮಾಡಿದ್ವಿ" ಅಂದರು. ಎಷ್ಟು ತಿರುಗಿಸಿ ಕೇಳಿದರೂ ಅದೇ ಉತ್ತರ.

ಆ ಸಾಕ್ಷ್ಯಚಿತ್ರದಲ್ಲಿ ನನ್ನದು ಧ್ವನಿ ಹಿಡಿಯುವ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿ ಕೂತವನಿಗೆ ಮಾತಿಗಿಂತ ಮುಂಚೆ ಉಸಿರು ಕೇಳಿಸುತ್ತದೆ. "ಶ್ರೀಲಂಕಾ" ಎಂಬ ಪದ ಬಂದಾಗಲೆಲ್ಲ ಕಾಕಾ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದರು.

ರೋಣದ ಕಡೆಯ ಎರೆಸೀಮೆ ಅದು. ಸೇನೆಯಿಂದ ಮರಳಿದವರ ಬಾಳನ್ನು ಚಿತ್ರಿಸಬೇಕೆಂದು ನಾವು ಹೊರಟಿದ್ದೆವು. ನಲವತ್ತು ತುಂಬುವ ಮುಂಚೆಯೇ ನಿವೃತ್ತರಾಗಿ ಬಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತವರು, ಪ್ರತಿ ನವೆಂಬರಿನಲ್ಲಿ ತಾವಿನ್ನೂ ಬದುಕಿದ್ದೇವೆಂದು ಪ್ರಮಾಣಪತ್ರ ಕೊಟ್ಟು ಪಿಂಚಣಿ ಉಳಿಸಿಕೊಳ್ಳುವವರು, ಕ್ಯಾಂಟೀನಿನ ಸಾಲಿನಲ್ಲಿ ಹಳೆಯ ಪಲ್ಟನ್ನಿನವರ ಮುಖ ಹುಡುಕುವವರು. ಈ ಭಾಗದ ಹಳ್ಳಿಗಳಲ್ಲಿ ಮಿಲಿಟರಿಗೆ ಹೋಗುವುದು ಹೊಸದಲ್ಲ. ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಕೂಡ ಮದ್ರಾಸ್ ರೆಜಿಮೆಂಟಿನವರೇ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮಕುಸಿತದಡಿ ಆರು ದಿನ ಹೂತುಹೋಗಿಯೂ ಉಸಿರಾಡುತ್ತಿದ್ದ ಅವರು, ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ನೇ ತಾರೀಖು ತೀರಿಕೊಂಡರು. ಆಗ ಇಡೀ ದೇಶದ ಕ್ಯಾಮೆರಾಗಳು ಬೆಟದೂರಿಗೆ ಬಂದವು. ಬರಬೇಕಾದದ್ದೇ. ಆದರೆ ಕಾಕಾ ಹೋಗಿಬಂದ ಯುದ್ಧದ ಬಗ್ಗೆ ಕೇಳಲು ಅವರ ಊರಿಗೆ ಯಾರೂ ಬಂದಿರಲಿಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಬೆನ್ನಿಗೇ ನಮ್ಮ ಸೈನ್ಯ ಶಾಂತಿಪಾಲನಾ ಪಡೆ ಎಂಬ ಹೆಸರಿನಲ್ಲಿ ಜಾಫ್ನಾಕ್ಕೆ ಇಳಿಯಿತು. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಅಲ್ಲಿನ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ನಿಂತಿತ್ತು. ಸುಮಾರು 1,200 ಭಾರತೀಯ ಸೈನಿಕರು ಅಲ್ಲಿ ಸತ್ತರು. ಕೊನೆಯ ತುಕಡಿ 1990ರ ಮಾರ್ಚ್ 24ರಂದು ಹೊರಟುಬಂತು. ಮದ್ರಾಸ್ ಬಂದರಿನಲ್ಲಿ ಅವರನ್ನು ಸ್ವಾಗತಿಸಲು ಆ ರಾಜ್ಯದ ಮುಖ್ಯಮಂತ್ರಿ ಬರಲಿಲ್ಲ. ಕಾರಣಗಳು ರಾಜಕೀಯದವು, ಅವುಗಳ ಚರ್ಚೆ ಇಲ್ಲಿ ಬೇಡ. ಗೆದ್ದೆವು ಎನ್ನಲಾಗದ, ಸೋತೆವು ಎಂದು ಯಾರೂ ಒಪ್ಪದ ಯುದ್ಧದಿಂದ ಬಂದ ಹುಡುಗ ತನ್ನೂರಿನ ಕಟ್ಟೆಯ ಮೇಲೆ ಕೂತು ಏನೆಂದು ಹೇಳಿಕೊಳ್ಳಬೇಕು?

ಆ ದಿನದ ಶೂಟಿಂಗ್ ಮುಗಿಸಿ ಲೈಟು ಮಡಚಿದೆವು. ಕಾಕಾನ ಹೆಂಡತಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಬಡಿಸಿದರು. ಸಂಕ್ರಾಂತಿ ಹತ್ತಿರದ ಚಳಿ. ಊಟವಾದ ಮೇಲೆ ಕಾಕಾ ಹಿತ್ತಲಲ್ಲಿ ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಮಾಡಿದರು. ಕೋಟು, ಪದಕ ಒಳಗೆ ಹೋಗಿದ್ದವು. ಹೆಗಲ ಮೇಲೆ ಕಂಬಳಿ ಇತ್ತು. ನಿರ್ದೇಶಕ ಏನೂ ಕೇಳಲಿಲ್ಲ. ತನ್ನ ತಂದೆಯ ಹೊಲದ ಮಾತೆತ್ತಿದ, ಕಡಲೆಗೆ ಬಿದ್ದ ಹುಳದ ಮಾತು ಬಂತು. ಅದರ ನಡುವೆ ಕಾಕಾ ಇದ್ದಕ್ಕಿದ್ದಂತೆ, "ಅವನೂ ಹಿಂಗ ಕೇಳತಿದ್ದ, ಜ್ವಾಳ ಎಷ್ಟೆತ್ರ ಬಂದಿರಬೇಕು ಅಂತ" ಅಂದರು.

ಎಲ್ಲರೂ ಸುಮ್ಮನಾದೆವು. ನಾನು ಮೆಲ್ಲಗೆ, "ಮೈಕ್ ಹಚ್ಚಲೇನ್ರಿ ಕಾಕಾ?" ಎಂದು ಕೇಳಿದೆ. ಅವರು ಬೆಂಕಿಗೆ ಎರಡು ಕಡ್ಡಿ ಹಾಕಿ, "ಹಚ್ಚ ತಮ್ಮಾ" ಅಂದರು.

ಬೆಂಕಿಯ ಬೆಳಕೊಂದೇ. ಚಿತ್ರದ ತುಂಬ ಚುಕ್ಕಿ ಬರುವುದು ಗೊತ್ತಿದ್ದೂ ಛಾಯಾಗ್ರಾಹಕ ಲೈಟಿಗೆ ಕೈ ಹಾಕಲಿಲ್ಲ. ಕಟ್ಟಿಗೆ ಚಟಪಟ ಅನ್ನುವುದನ್ನು ಧ್ವನಿಯಿಂದ ತೆಗೆಯಲು ನನಗೂ ಮನಸ್ಸಾಗಲಿಲ್ಲ.

"ನಾವು ಇಳದಾಗ ಆ ಮಂದಿ ಹೂವಿನ ಮಾಲಿ ಹಾಕಿದ್ರು. ಎರಡು ತಿಂಗಳಾಗ ಅದೇ ಓಣ್ಯಾಗ ಹೆಜ್ಜಿ ಇಡಾಕ ಅಂಜಿಕಿ. ಎರಡೂ ಕಡೆ ತಾಳೆಗರಿ ಬೇಲಿ, ಆಚಿ ಕಡೆ ಏನೈತಿ ಕಾಣಂಗಿಲ್ಲ. ಅಂವ ನನ್ನ ಮುಂದ ಇದ್ದ. ಒಂದೇ ದಿನ ಭರ್ತಿ ಆದವ್ರು ನಾವು, ಅವನೂರಿಗೂ ನಮ್ಮೂರಿಗೂ ಎರಡು ತಾಸಿನ ಬಸ್ಸು. ಸುರಂಗ ಸಿಡೀತು. ಎರಡೂ ಕಾಲು ಹೋದ್ವು. ಗುಂಡು ನಿಂದ್ರವಲ್ಲವು, ಹೆಲಿಕಾಪ್ಟರ್ ಇಳಿಯಾಕ ಆಗವಲ್ದು. ಮಧ್ಯಾಹ್ನದಿಂದ ಕತ್ತಲಾಗೂ ತನ ಹಂಗೇ ಇದ್ದ. ಟೈಮ್ ಎಷ್ಟಾತು, ಟೈಮ್ ಎಷ್ಟಾತು ಅಂತ ಕೇಳತಿದ್ದ. ನಾ ಸುಳ್ಳ ಟೈಮ್ ಹೇಳತಿದ್ದೆ. ಈಗಷ್ಟ ಆಗೇತಿ, ಇನ್ನೇನ ಬರತೈತಿ ಅಂತ."

ಕಾಕಾಗೆ ತಮಿಳು ಬರುತ್ತಿತ್ತು, ವೆಲ್ಲಿಂಗ್ಟನ್ನಿನ ಬ್ಯಾರಕ್ಕಿನಲ್ಲಿ ಕಲಿತದ್ದು. "ಬೇಲಿ ಆಚಿಂದ ಒಬ್ಬಾಕಿ ಮುದುಕಿ, ಹುಡುಗನ್ನ ನೆರಳಿಗೆ ತರ್ರಿ, ನಮ್ಮ ಪಡಸಾಲ್ಯಾಗ ಮಲಗಸ್ರಿ ಅಂತಿದ್ಲು. ಯಾರ್ನ ನಂಬೋದು? ಒಯ್ಯಲಿಲ್ಲ. ಆಕಿ ಬಿಡಲಿಲ್ಲ, ಕತ್ತಲಾಗೂ ತನ ಕರಕೋತನ ಇದ್ಲು."

ಕಾರ್ಗಿಲ್‌ಗೆ ಮುಂಚೆ, ದೂರದ ಯುದ್ಧಭೂಮಿಯಲ್ಲಿ ಸತ್ತ ಜವಾನನ ದೇಹ ಊರು ಸೇರುತ್ತಿದ್ದದ್ದು ಅಪರೂಪ. ಸಂಸ್ಕಾರ ಸಾಮಾನ್ಯವಾಗಿ ಅಲ್ಲಿಯೇ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಾರು, ಆಮೇಲೆ ಕರಿ ಟ್ರಂಕು. ಹೀಗಾಗಿ ಕಾಕಾ ರಜೆಗೆ ಬಂದು ಗೆಳೆಯನ ಮನೆಗೆ ಹೋದಾಗ ಅವನ ಅವ್ವನಿಗೆ ಕೇಳಲು ಇದ್ದದ್ದು ಇವರೊಬ್ಬರೇ. "ಭಾಳ ನೊಂದನೇನಪಾ?" ಎಂದು ಆಕೆ ಕೇಳಿದರು. "ಇಲ್ಲಬೇ ಅವ್ವಾ, ಅವಗ ಗೊತ್ತಾಗೂದ್ರೊಳಗ ಮುಗದಿತ್ತು" ಎಂದು ಇವರು ಹೇಳಿದರು. ಆ ಮಾತು ಕೇಳಿದ ಮೇಲೆಯೇ ಆಕೆ ಎದ್ದು ಒಲೆ ಹಚ್ಚಿದ್ದು. ಅಂದಿನಿಂದ ಪ್ರತಿ ಯುಗಾದಿಗೆ ಕಾಕಾ ಆ ಮನೆಗೆ ಹೋಗುತ್ತಾರೆ, ಸೀರೆ ಕೊಡುತ್ತಾರೆ, ಉಂಡು ಬರುತ್ತಾರೆ. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೆ ಯುಗಾದಿಯ ಪ್ರಯಾಣ ಗೊತ್ತಿತ್ತು. ಉಳಿದದ್ದನ್ನು ಅವರೂ ನಮ್ಮ ಜೊತೆಗೇ ಕೇಳಿದ್ದು.

ಸಂಕಲನಕ್ಕೆ ಕೂತಾಗ ಇಡೀ ಚಿತ್ರ ಆ ಬೆಂಕಿಯ ಸುತ್ತಲೇ ನಿಂತುಕೊಂಡಿತು. ಮೊದಲ ದಿನದ ವರದಿ ಕೂಡ ಇದರ ಪಕ್ಕದಲ್ಲಿಟ್ಟಾಗ ಬೇರೆಯೇ ಕೇಳಿಸಿತು. ಯಾರನ್ನು ಚಿತ್ರಿಸುತ್ತೇವೋ ಅವರಿಗೆ ತೋರಿಸದೆ ಚಿತ್ರ ಮುಗಿಸಬಾರದು ಎಂಬುದು ನಮ್ಮ ನಿರ್ದೇಶಕನ ನಿಯಮ. ಲ್ಯಾಪ್‌ಟಾಪ್ ಹಿಡಿದು ಮತ್ತೆ ಅದೇ ಊರಿಗೆ ಹೋದೆವು. ಕಾಕಾ ಚಾಳೀಸು ಹಾಕಿಕೊಂಡು ಹೊರಸಿನ ಮೇಲೆ ಕೂತು ನೋಡಿದರು. ಬೆಂಕಿಯ ದೃಶ್ಯ ಮುಗಿಯುವ ಮುಂಚೆಯೇ "ನಿಲ್ಲಸ್ರಿ" ಅಂದರು.

"ಅವ್ವ ಇನ್ನೂ ಅದಾಳ. ದಿನಾ ಟಿವಿ ನೋಡತಾಳ."

ಹೆಸರು ತೆಗೆಯುತ್ತೇವೆ ಅಂದೆವು. "ನಾ ಯಾರ ಮನಿಗೆ ಯುಗಾದಿಗೆ ಹೋಗತೇನಿ ಅನ್ನೋದು ಆ ಊರಿಗೆಲ್ಲಾ ಗೊತ್ತೈತಿ. ಹೆಸರು ಯಾಕ ಬೇಕ್ರಿ?" ಎಂದು ಕೇಳಿದರು. ಅದಕ್ಕೆ ಉತ್ತರವಿರಲಿಲ್ಲ.

ಹಣ ಹಾಕಿದವರು ಒಪ್ಪಲಿಲ್ಲ. ಒಪ್ಪಿಗೆ ಪತ್ರದ ಮೇಲೆ ಅವರ ಸಹಿ ಇದೆಯಲ್ಲ ಅಂದರು. ನಮ್ಮೊಳಗೂ ವಾದ ನಡೆಯಿತು. ಜಾನ್ ಹ್ಯೂಸ್ಟನ್ ಎಂಬ ಅಮೆರಿಕದ ನಿರ್ದೇಶಕ ಎರಡನೇ ಮಹಾಯುದ್ಧದಲ್ಲಿ ಮನಸ್ಸು ಮುರಿದುಕೊಂಡು ಬಂದ ಯೋಧರ ಬಗ್ಗೆ 'ಲೆಟ್ ದೇರ್ ಬಿ ಲೈಟ್' ಎಂಬ ಸಾಕ್ಷ್ಯಚಿತ್ರ ಮಾಡಿದ್ದ. ಮಾಡಿಸಿದ್ದು ಅಲ್ಲಿನ ಸೇನೆಯೇ. ಯೋಧರ ಖಾಸಗಿತನದ ಕಾರಣ ಕೊಟ್ಟು 1946ರಲ್ಲಿ ಅದನ್ನು ತಡೆದದ್ದೂ ಅದೇ ಸೇನೆ. 1980ರ ತನಕ ಜನರಿಗೆ ಅದನ್ನು ನೋಡಲಾಗಲಿಲ್ಲ. ನಾವೂ ಹಾಗೆಯೇ ಸತ್ಯ ಮುಚ್ಚಿಡುತ್ತಿದ್ದೇವೆ ಎಂಬುದು ಸಂಕಲನಕಾರನ ಸಂಕಟ. ನಿರ್ದೇಶಕನ ಉತ್ತರ ನನಗೆ ಇವತ್ತಿಗೂ ಸರಿ ಅನಿಸುತ್ತದೆ: ಅಲ್ಲಿ ಮುಚ್ಚಿಟ್ಟದ್ದು ಸೇನೆ, ಇಲ್ಲಿ ಬೇಡ ಅನ್ನುತ್ತಿರುವವನು ನೋವು ಉಂಡ ಮನುಷ್ಯ, ಅದೂ ತನಗಾಗಿ ಅಲ್ಲ. ಬೆಂಕಿಯ ದೃಶ್ಯವನ್ನು ಪೂರ್ತಿ ತೆಗೆದೆವು. ಚಿತ್ರ ಬಡವಾಯಿತು, ಹೌದು. ತೆಗೆದದ್ದು ನ್ಯಾಯ.

ಆದರೆ ಮೂಲ ಧ್ವನಿಯನ್ನು ಅಳಿಸಲಿಲ್ಲ. ಮೊದಲ ಮಹಾಯುದ್ಧದ ಯೋಧರನ್ನು ಬಿಬಿಸಿ 1964ರ ತನ್ನ ಸರಣಿಗಾಗಿ ಮಾತಾಡಿಸಿ ಇಟ್ಟಿದ್ದರಿಂದ, ಅವರೆಲ್ಲ ಸತ್ತುಹೋದ ಮೇಲೆ 2018ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್‌ಗೆ ಆ ದನಿಗಳನ್ನೇ ಬಳಸಿ ಹೊಸ ಚಿತ್ರ ಮಾಡಲು ಸಾಧ್ಯವಾಯಿತು. ಧ್ವನಿಯನ್ನು ಕಾಯ್ದಿಟ್ಟರೆ ಅದರ ಕಾಲ ಬಂದೇ ಬರುತ್ತದೆ. ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಾಕಾ ಕೈಗೇ ಕೊಟ್ಟೆವು.

ಮೊನ್ನೆ ಅವರ ಫೋನ್ ಬಂತು. "ಅವ್ವ ಹೋದ್ಲು ತಮ್ಮಾ. ಮಣ್ಣಿಗೆ ಹೋಗಿ ಬಂದೆ. ಇನ್ನ ಹೇಳ್ರಿ. ಅವನ ಹೆಸರು, ಊರು ಬ್ಯಾಡ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: "ಬೇಲಿ ಆಚಿನ ಮುದುಕಿ ಮಾತು ಮಾತ್ರ ಬಿಡಬ್ಯಾಡ್ರಿ."

ಅದಕ್ಕೇ ಇದನ್ನು ಬರೆದೆ. 1990ರಲ್ಲಿ ಇಪ್ಪತ್ತೈದರ ಹುಡುಗರಾಗಿ ಮರಳಿದವರು ಈಗ ಅರವತ್ತು ಮುಟ್ಟಿದ್ದಾರೆ. ನಿಮ್ಮೂರಿನಲ್ಲೂ ಅಂಥವರೊಬ್ಬರು ಇದ್ದರೆ ಹೋಗಿ ಕೂತುಕೊಳ್ಳಿ. ಫ್ಯಾನ್ ಆರಿಸಿ, ಮೊಬೈಲನ್ನು ಅವರ ಬಾಯಿಗೆ ಒಂದು ಮೊಳದಷ್ಟು ಹತ್ತಿರ ಇಡಿ. ಶೌರ್ಯದ ಪ್ರಶ್ನೆ ಮೊದಲೇ ಬೇಡ. ಅಲ್ಲಿ ಏನು ಉಣ್ಣುತ್ತಿದ್ದರು, ಊರಿನ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು, ಜೊತೆಗೆ ಯಾರಿದ್ದರು ಎಂದು ಕೇಳಿ. ಹಿಡಿದದ್ದನ್ನು ಮೊದಲು ಅವರಿಗೇ ಕೇಳಿಸಿ. ಅವರು ಬೇಡ ಅಂದದ್ದನ್ನು ಯಾರಿಗೂ ಕಳಿಸಬೇಡಿ, ಆದರೆ ಅವರನ್ನು ಕೇಳದೆ ಅಳಿಸಲೂ ಬೇಡಿ.